ಚರಗ ಬಿದ್ದ ಜಾಗ

ಉಮಾದೇವಿಯ ಹೊಲಕ್ಕೂ ಗೌಸನ ಹೊಲಕ್ಕೂ ನಡುವೆ ಇರುವುದು ಒಂದೇ ಒಡ್ಡು. ಆಚೆ ಯಾರಾದರೂ ಮಾತಾಡಿದರೆ ಈಚೆಗೆ ಕೇಳುತ್ತದೆ. ಗೌಸ ಮಾತಾಡಿದರೆ ಮುಡಬಿಯ ರಸ್ತೆಯಲ್ಲಿ ಹೋಗುವ ಆಟೊದವರಿಗೂ ಕೇಳುತ್ತದೆ.

“ವೈನಿ,” ಎಂದ ಅವನು ಅವತ್ತು ಬೆಳಿಗ್ಗೆ, ತೊಗರಿಯ ಸಾಲಿನಿಂದ ತಲೆ ಎತ್ತಿ. “ನಿಮ್ಮ ಕಡೆ ಹಕ್ಕಿ ಏನ್ ತಿಂತಾವ್ರಿ? ಜರಾ ನಮಗೂ ಹೇಳ್ರಿ. ನಿಮ್ಮ ಬೇವಿನ ಗಿಡದ ಮ್ಯಾಲ ಕುಂತ್ರ ಪೇರಲ ಬೀಜ ಉದುರಸ್ತಾವ, ಬಾರಿಹಣ್ಣಿನ ಬೀಜ ಉದುರಸ್ತಾವ. ಅವೇ ಹಕ್ಕಿ ಹಾರಿ ಬಂದು ನನ್ನ ಗಿಡದ ಮ್ಯಾಲ ಕುಂತ್ರ ಬರೇ ಕಾಂಗ್ರೆಸ್ ಕಸ.”

“ನಿಮ್ಮ ಬಾಯಿಗೆ ಹೆದರಿ ಹೊಟ್ಟಿ ಕಟ್ಕೊಂಡು ಕುಂದರ್ತಾವ, ಗೌಸಭಾಯಿ.”

“ಹಂಗಿದ್ರ ನಾಳಿಂದ ಬಾಯಿ ಮುಚ್ಚಿ ನೋಡ್ತೀನಿ.”

“ಅದು ಆಗೂ ಮಾತಲ್ಲ ಬಿಡ್ರಿ.”

ಇಬ್ಬರೂ ನಕ್ಕರು. ಆದರೆ ನಕ್ಕ ಮೇಲೆ ಗೌಸ ತನ್ನ ಬೇವಿನ ಮರದ ಕಡೆ ಒಮ್ಮೆ ನೋಡಿದ ರೀತಿ ಉಮಾದೇವಿಗೆ ಸರಿ ಕಾಣಲಿಲ್ಲ. ತಮಾಷೆ ಮಾಡಿದವನು ಹಾಗೆ ನೋಡುವುದಿಲ್ಲ.

ಈ ಹಕ್ಕಿಗಳ ವಿಷಯ ಶುರುವಾದದ್ದು ಉಮಾದೇವಿಯ ಅಡವಿಯಿಂದ. ಮೇಲಿನ ಎಕರೆ ಕಲ್ಲು ನೆಲ. ಅವಳು ಮದುವೆಯಾಗಿ ಬಂದಾಗಿನಿಂದ ಅದರಲ್ಲಿ ಬೆಳೆದದ್ದಕ್ಕಿಂತ ಹೊತ್ತು ಹಾಕಿದ ಕಲ್ಲೇ ಹೆಚ್ಚು. ಗಂಡ ಕಲ್ಲಿನಾಥನಿಗೆ ಬಸವಕಲ್ಯಾಣದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಅವನಿಗೆ ಕೆಳಗಿನ ಕಪ್ಪು ಭೂಮಿ ಒಂದಿದ್ದರೆ ಸಾಕು. ಮೇಲಿನದನ್ನು ಉಮಾದೇವಿ ಕೇಳಿ ತೆಗೆದುಕೊಂಡಳು. ಫೋನಿನಲ್ಲಿ ವಿಡಿಯೊ ನೋಡುತ್ತ ನೋಡುತ್ತ ಅವಳಿಗೆ ಹೊಲವನ್ನು ಕಾಡಿನ ಹಾಗೆ ಬೆಳೆಸುವ ಪರ್ಮಾಕಲ್ಚರ್ ಎಂಬ ಮಾತು ಸಿಕ್ಕಿತ್ತು. ಚಿಟಗುಪ್ಪದ ಹತ್ತಿರ ಅಂಥದೊಂದು ತೋಟ ಇದೆ ಎಂದು ಕೇಳಿ ಹೋಗಿ ನೋಡಿಯೂ ಬಂದಳು. ಬಂದವಳೇ ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡಿಸಿದಳು. ಕಬ್ಬಿನ ರವದಿ, ಸೋಯಾ ಹೊಟ್ಟು, ಯಾರೂ ಬೇಡವೆಂದು ಸುಡುವುದನ್ನೆಲ್ಲ ತಂದು ನೆಲಕ್ಕೆ ಹೊದಿಸಿದಳು. ಮೇಲೆ ಮಾವು ನೇರಳೆ, ಅದರ ಕೆಳಗೆ ಸೀತಾಫಲ ನುಗ್ಗೆ, ಅದರ ಬುಡದಲ್ಲಿ ತೊಗರಿ, ಅದರ ಮೇಲೆ ಹಬ್ಬುವ ಕುಂಬಳ, ನೆರಳಿಗೆ ಅರಿಶಿಣ. ಒಂದಕ್ಕೊಂದು ಒರಗಿ, ಒಂದನ್ನೊಂದು ನೂಕಿ, ಅದು ನಿಜವಾಗಿಯೂ ಅಡವಿಯಂತೆ ಎದ್ದಿತು.

ಊರವರು ಏನಂದರು ಎಂಬುದನ್ನು ಬಿಡಿ. ಅತ್ತೆ ಜಿಜಾಬಾಯಿಯೇ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳುತ್ತಿದ್ದಳು: “ನಮ್ಮ ಸೊಸಿ ಹೊಲಾ ಮಾಡೂದಿಲ್ಲವ್ವಾ, ಅಡವಿ ಮಾಡ್ತಾಳ. ನಾಳೆ ಹುಲಿ ಬಂದ್ರ ಅದಕ್ಕೂ ರೊಟ್ಟಿ ನಾನೇ ಬಡೀಬೇಕು.” ಹೀಗೆ ಹೇಳುತ್ತಲೇ ಮುದುಕಿ ದಿನಾ ಸಂಜೆ ಆ ಅಡವಿಯಿಂದ ಉಡಿ ತುಂಬ ಏನಾದರೂ ಕಿತ್ತು ತರುತ್ತಿದ್ದಳು.

ಆ ಅಡವಿಯ ಸುದ್ದಿ ಕೇಳಿ ಬಂದವಳು ಮೆಹರೀನ್. ಹುಮನಾಬಾದಿನ ಹುಡುಗಿ, ಮಾಣಿಕನಗರದ ರಸ್ತೆಯಲ್ಲಿ ತಾಯಿ ಆಯೆಷಾಳದು ಬಳೆ ಅಂಗಡಿ. ಹೊಲಗಳಲ್ಲಿ ಹಕ್ಕಿಗಳು ಯಾವ ಬೀಜ ತರುತ್ತವೆ, ಅದರಲ್ಲಿ ಯಾವುದು ಬದುಕುತ್ತದೆ ಎಂಬುದರ ಮೇಲೆ ಅವಳ ಸಂಶೋಧನೆ. ಅವಳು ಕೇಳಿದ್ದು ಇಷ್ಟೇ: ಹೊಲದಲ್ಲಿ ಒಂದು ತುಂಡು ಜಾಗ ಬಿಡಬೇಕು, ಅಲ್ಲಿ ಮನುಷ್ಯರ ಕೈ ಬೀಳಬಾರದು. ಬಿತ್ತಬಾರದು, ಕಸ ತೆಗೆಯಬಾರದು, ನೀರು ಹಾಕಬಾರದು. ತಾನಾಗಿ ಏನು ಬರುತ್ತದೋ ಅದನ್ನು ನೋಡುವುದು.

ಉಮಾದೇವಿ ಮೂಲೆಯ ಬೇವಿನ ಮರದ ಬುಡ ತೋರಿಸಿದಳು. ಅಲ್ಲಿ ಪಾಂಡವರೆಂದು ಪೂಜಿಸುವ ಐದು ಕಲ್ಲುಗಳಿವೆ. ಹಾಗಾಗಿ ನೇಗಿಲು ಆ ಕಡೆ ಹೋದದ್ದೇ ಇಲ್ಲ. “ಇಲ್ಲಿ ಏನರ ಬಿತ್ತತೀರೇನಕ್ಕಾ?” ಎಂದು ಮೆಹರೀನ್ ಕೇಳಿದ್ದಳು. “ಪಾಂಡವರ ಮುಂದ ಯಾರು ಬಿತ್ತತಾರ?” ಎಂದಿದ್ದಳು ಉಮಾದೇವಿ. ಒಡ್ಡಿನ ಆಚೆ ಗೌಸನ ಹೊಲದಲ್ಲೂ ಅಂಥದೇ ಬೇವು, ಅಂಥದೇ ಮಣ್ಣು. ಅವನೂ ಒಂದು ತುಂಡು ಬಿಟ್ಟ. ಎರಡನ್ನೂ ಹೋಲಿಸಿ ನೋಡಬಹುದೆಂದು ಮೆಹರೀನ್‌ಗೆ ಖುಷಿ.

ಅಲ್ಲಿಂದ ಪ್ರತಿ ಸೋಮವಾರ ಉಮಾದೇವಿಯ ಕೆಲಸ ಇದಾಯಿತು. ಎರಡೂ ಜಾಗಕ್ಕೆ ಹೋಗಿ ಮೊಳೆತದ್ದರ ಫೋಟೊ ತೆಗೆಯುವುದು, ಮರದ ಮೇಲೆ ಯಾರು ಯಾರು ಬಂದು ಕೂತರು ಎಂದು ಫೋನಿಗೆ ಮಾತಾಡಿ ಕಳಿಸುವುದು. ಬರೆಯುವುದಕ್ಕಿಂತ ಮಾತಾಡುವುದು ಅವಳಿಗೆ ಸಲೀಸು. “ಇವತ್ತು ಎರಡು ಬುಲ್‌ಬುಲ್ ಬಂದಿದ್ವು, ಗಂಡ ಹೆಂಡತಿ ಇರಬೇಕು, ಯಾಕಂದ್ರ ಒಂದು ಮಾತಾಡಾಕತ್ತಿತ್ತು, ಇನ್ನೊಂದು ಆ ಕಡೆ ಮುಖಾ ಮಾಡಿ ಕುಂತಿತ್ತು.” ಇಂಥವನ್ನು ಮೆಹರೀನ್ ಒಬ್ಬಳೇ ಕೇಳುತ್ತಿರಲಿಲ್ಲ. ಬಳೆ ಅಂಗಡಿಯಲ್ಲಿ ಆಯೆಷಾ ಗಿರಾಕಿಗಳಿಗೂ ಕೇಳಿಸುತ್ತಿದ್ದಳಂತೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಮಾದೇವಿಯ ಬಿಟ್ಟ ಜಾಗದಲ್ಲಿ ಬಾರಿಹಣ್ಣಿನ, ಎಂದರೆ ಎಲಚಿಯ, ಸಸಿ ಬಂತು, ಪೇರಲ ಬಂತು, ಟೊಮ್ಯಾಟೊ ಸಹ ಬಂದು ಹೋಯಿತು. ಗೌಸನ ಜಾಗದಲ್ಲಿ ಕಸ. ಮೆಹರೀನ್‌ಗೆ ಸಂಭ್ರಮ: ಅಡವಿ ಪಕ್ಕದಲ್ಲಿದ್ದರೆ ಹಕ್ಕಿಗಳೇ ಹಣ್ಣಿನ ಗಿಡ ನೆಡುತ್ತವೆ ಎಂದು ತೋರಿಸಬಹುದು. ಹುಮನಾಬಾದಿನಲ್ಲಿ ರೈತರನ್ನು ಸೇರಿಸಿ ಒಂದು ಸಭೆ ಮಾಡುವುದು, ಅಲ್ಲಿ ಉಮಾದೇವಿ ನಿಂತು ಮಾತಾಡುವುದು ಎಂದು ನಿಶ್ಚಯವಾಯಿತು. ಉಮಾದೇವಿ ಎಮ್ಮೆಯ ಮುಂದೆ ನಿಂತು ಭಾಷಣ ಒಪ್ಪಿಸಿ ನೋಡಿದಳು. ಎಮ್ಮೆ ಕೊನೆವರೆಗೂ ಕೇಳಿತು.

ಉಳಿದದ್ದು ಒಂದೇ ಪ್ರಶ್ನೆ. ಅವೇ ಹಕ್ಕಿಗಳು, ಒಂದೇ ಒಡ್ಡು. ಗೌಸನ ಕಡೆ ಯಾಕೆ ಇಲ್ಲ? ಅದಕ್ಕೆ ಉತ್ತರ ಕೊಟ್ಟವಳು ಉಮಾದೇವಿಯೇ. ಒಂದು ಸೋಮವಾರ, ಹಕ್ಕಿಗಳ ಸುದ್ದಿಯ ನಡುವೆ, ಬಾಯಿಗೆ ಬಂದಂತೆ: “ಗೌಸಭಾಯಿ ಬೆನ್ನಿಗೆ ಪಂಪ್ ಹಾಕ್ಕೊಂಡು ಹೋಗಾಕತ್ತಿದ್ದ. ಕಸದ ಔಷಧ ಹೊಡದಿರಬೇಕು. ಇಲ್ಲಾಂದ್ರ ಹಂಗ ಹ್ಯಾಂಗಾಗ್ತದ?”

ಆ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ಅವಳಿಗೆ ತಿಳಿದದ್ದು ಎಳ್ಳಮಾವಾಸ್ಯೆಯ ಹಿಂದಿನ ವಾರ, ಮೆಹರೀನ್ ಬಂದಾಗ. ಗೌಸನ ಬೇವಿನ ಕೆಳಗೆ ನಿಂತು ಹುಡುಗಿ ಬಹಳ ನಯವಾಗಿಯೇ ಕೇಳಿದಳು.

“ಚಾಚಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಜಾಗಾದಾಗ ಔಷಧ ಏನರ ಹೊಡದಿದ್ರಿ?”

ಗೌಸನ ಮುಖದಿಂದ ನಗು ಇಳಿಯಿತು. “ಕಸದ ಔಷಧ ಹೊಡದಿದ್ರ ಇಷ್ಟು ಕಸಾ ಯಾಕ ಇರ್ತಿತ್ತು, ಬೇಟಾ?”

“ಕಸಾ ತಿರುಗಿ ಲಗೂ ಬರ್ತದ ಚಾಚಾ. ಸಣ್ಣ ಸಸಿ ಬರೂದಿಲ್ಲ. ನಿಮ್ಮ ಪಂಪ್...”

“ಪಂಪ್ ತೊಗರಿ ಕೀಡಿಗೆ. ಅದು ಆ ತುದಿ. ಈ ತುದಿಗೆ ನನ್ನ ನೆರಳೂ ಬಿದ್ದಿಲ್ಲ.” ಅವನ ದನಿ ಮೊದಲ ಸಲ ಸಣ್ಣದಾಗಿತ್ತು. “ನಮ್ಮ ಮನಿಯಾಕಿ ಸುಗ್ರಾ ಎರಡು ವರ್ಷದಿಂದ ಕೇಳಾಕತ್ತಾಳ, ಅಲ್ಲಿ ನಾಕು ಮೆಣಸಿನ ಗಿಡ ಹಚ್ಚತೀನಿ ಅಂತ. ಜಬಾನ್ ಕೊಟ್ಟೀನಿ, ಆಗೂದಿಲ್ಲ ಅಂದೀನಿ. ಮನ್ಯಾಗ ಆಕಿ ಕಡಿಂದ ಬೈಸಿಕೊಂಡೀನಿ. ಈಗ ನೀ ಬಂದು ಪಂಪ್ ಕೇಳ್ತಿ. ಪಂಪಿನ ಮಾತು ಯಾರು ಹೇಳಿದ್ರು ನಿನಗ?”

ಮೆಹರೀನ್ ಫೋನು ತೆಗೆದು ನೋಡತೊಡಗಿದಳು. ಉಮಾದೇವಿ ತೊಗರಿಯ ಹೂವು ನೋಡುತ್ತ ನಿಂತಳು. ಗೌಸ ಇಬ್ಬರನ್ನೂ ನೋಡಿದ, ತಲೆಯ ರುಮಾಲು ಬಿಚ್ಚಿ ಕೊಡವಿದ, ಹೊರಟುಹೋದ. ಸಭೆಯಲ್ಲಿ ಮೆಹರೀನ್ ಊರಿನ ಹೆಸರು ಹೇಳಬಹುದು, ಹೊಲದವನ ಹೆಸರು ಹೇಳಲಿಕ್ಕಿಲ್ಲ. ಆದರೆ ಒಡ್ಡಿನ ಆಚೆಯ ಹೊಲ, ಔಷಧ ಹೊಡೆದ ಹೊಲ ಎಂದರೆ ಈ ಸೀಮೆಯಲ್ಲಿ ಯಾರಿಗೆ ತಿಳಿಯದು? ಕೊಟ್ಟ ಮಾತು ತಪ್ಪಿದವನು ಎಂದಾಗುತ್ತದೆ. ಬಾಯಿಮಾತಿನ ಮೇಲೆ ತೋಪು ಹಿಡಿದು ವ್ಯಾಪಾರ ಮಾಡುವವನಿಗೆ ಆಮೇಲೆ ಯಾರು ಮಾವಿನ ತೋಪು ಗುತ್ತಿಗೆ ಕೊಡುತ್ತಾರೆ?

ಹೊಡೆದಿರಲೂಬಹುದು, ಎಂದು ಉಮಾದೇವಿ ಮನಸ್ಸಿಗೆ ಹೇಳಿಕೊಂಡಳು. ಇಲ್ಲದಿದ್ದರೆ ಹಾಗೆ ಹೇಗಾಗುತ್ತದೆ?

ಎಳ್ಳಮಾವಾಸ್ಯೆಗೆ ಈ ಸೀಮೆಯಲ್ಲಿ ಊರು ಖಾಲಿ, ಹೊಲ ತುಂಬಿರುತ್ತದೆ. ಜೋಳದ ದಂಟು ಕಟ್ಟಿ ಗುಡಿಸಲಿನಂಥ ಕೊಂಪೆ ಮಾಡಿ, ಪಾಂಡವರ ಕಲ್ಲಿಗೆ ಸುಣ್ಣ ಹಚ್ಚಿ, ಎಲ್ಲ ಕಾಯಿ ಎಲ್ಲ ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಮಡಕೆಯಲ್ಲಿ ಅಂಬಲಿ. ಉಣ್ಣುವ ಮೊದಲು ಚರಗ ಚೆಲ್ಲಬೇಕು. ಮಾಡಿದ ಅಡಿಗೆಯಲ್ಲಿ ಒಂದೊಂದು ಪಾಲು ಬುಟ್ಟಿಯಲ್ಲಿ ಕಲಸಿಕೊಂಡು ಹೊಲದ ಸುತ್ತ ನಡೆಯುತ್ತ, ಭೂಮಿಗೆ, ಹಕ್ಕಿಗೆ, ಹುಳಕ್ಕೆ ಎಂದು ಎಸೆಯುವುದು. ಒಬ್ಬರು ಎಸೆಯುತ್ತಾರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಈ ಮನೆಯಲ್ಲಿ ಎಸೆಯುವ ಕೈ ಜಿಜಾಬಾಯಿಯದು, ನೀರಿನ ಚೊಂಬು ಉಮಾದೇವಿಯದು. ಮದುವೆಯಾದಾಗಿನಿಂದ ಹಾಗೇ.

ಪ್ರತಿವರ್ಷ ಗೌಸನ ಮನೆಯವರು ಭಜ್ಜಿಗೆ ಬರುತ್ತಿದ್ದರು. ಈ ವರ್ಷ ಗೌಸ ಬುಖಾರ ಬಂದಿದೆ, ಮೈ ಸುಡುತ್ತಿದೆ ಎಂದು ಹೇಳಿ ಕಳಿಸಿದ.

“ಅವಂದು ಬುಖಾರ ಅಲ್ಲ, ಸಿಟ್ಟು,” ಎಂದಳು ಜಿಜಾಬಾಯಿ. “ನಿನ್ನೆ ಸಂತಿ ಒಳಗ ನನ್ನ ನೋಡಿ ಉಳ್ಳಾಗಡ್ಡಿ ಅಂಗಡಿ ಹಿಂದ ಹ್ವಾದ. ಬುಖಾರದವ ಹಂಗ ಓಡೂದಿಲ್ಲ. ನೀ ಏನರ ಅಂದಿ ಏನು?”

“ನಾ ಯಾಕ ಅನ್ನಲಿ ಅತ್ತೀ.”

ಮುದುಕಿ ಬುಟ್ಟಿ ಎತ್ತಿಕೊಂಡಳು.

ಅವತ್ತು ಚೊಂಬು ಹಿಡಿದದ್ದು ಕಲ್ಲಿನಾಥ. ಸಭೆಯಲ್ಲಿ ತೋರಿಸಲು ಹೊಲದ ಹಬ್ಬದ ಒಂದೆರಡು ಫೋಟೊ ಬೇಕೆಂದು ಮೆಹರೀನ್ ಕೇಳಿದ್ದರಿಂದ ಉಮಾದೇವಿ ಫೋನು ಹಿಡಿದು ಒಡ್ಡಿನ ಮೇಲೆ ಹೋಗಿ ನಿಂತಿದ್ದಳು. ಇಷ್ಟು ವರ್ಷ ಅತ್ತೆಯ ಬೆನ್ನು ನೋಡುತ್ತ ನಡೆದವಳು ಇವತ್ತು ಎದುರಿನಿಂದ ನೋಡಿದಳು.

ಬೇವಿನ ಮರದ ಹತ್ತಿರ ಬಂದಾಗ ಜಿಜಾಬಾಯಿ ಕೊಂಪೆಯ ಮುಂದೆ, ಪ್ರತಿವರ್ಷ ನಿಲ್ಲುವ ಜಾಗದಲ್ಲೇ, ನಿಂತಳು. ಪಾಂಡವರ ಮುಂದೆ ಇಟ್ಟ ಹಣ್ಣನ್ನು ತಿರುಗಿ ಮನೆಗೆ ಒಯ್ಯಬಾರದೆಂಬುದು ಈ ಮನೆಯ ರೂಢಿ. ಬಾರಿಹಣ್ಣು, ಹೋಳು ಮಾಡಿದ ಪೇರಲ, ಹಸಿ ಟೊಮ್ಯಾಟೊ ಎಲ್ಲವನ್ನೂ ಬುಟ್ಟಿಗೆ ಸುರಿದು, ಅಂಬಲಿ ಹಾಕಿ ಹಿಚುಕಿದಳು. “ಓಲಗ್ಯಾ, ಓಲಗ್ಯಾ,” ಎಂದು ಚರಗದ ಕೂಗು ಹಾಕಿ ಒಂದು ಮುಷ್ಟಿ ಎತ್ತಿದಳು. ಭುಜ ಅರ್ಧಕ್ಕೇ ನಿಂತಿತು. ಮೇಲಿನಿಂದ ಬೀಸಲಾರದೆ ಕೆಳಗಿನಿಂದಲೇ, ಕೂಸಿಗೆ ಚೆಂಡು ಎಸೆದ ಹಾಗೆ ಎಸೆದಳು. ಅದು ಹತ್ತಿರವೇ ಬಿತ್ತು. ಮುದುಕಿ ತಿರುಗಿ ಇನ್ನೊಂದು ಮುಷ್ಟಿ, ಮತ್ತೆ ಸ್ವಲ್ಪ ತಿರುಗಿ ಇನ್ನೊಂದು. ಅವಳ ಮುಂದೆ ಅರ್ಧ ಬಳೆಯ ಹಾಗೆ ಒಂದು ಗೆರೆ ಬಿತ್ತು.

ಉಮಾದೇವಿ ಫೋನು ಕೆಳಗಿಳಿಸಿದಳು.

ಬಿದ್ದ ಅಂಬಲಿಯ ಗೆರೆಯ ಆಚೆ, ಒಂದೆರಡು ಹೆಜ್ಜೆ ದೂರದಲ್ಲಿ, ಗೇಣುದ್ದದ ಬಾರಿ ಸಸಿಗಳು ನಿಂತಿದ್ದವು. ಅವೂ ಅರ್ಧ ಬಳೆ. ಅದರಾಚೆ, ಇನ್ನೂ ದೂರ, ಮೊಳಕಾಲಿಗಿಂತ ಎತ್ತರದವು. ಅವೂ ಹಾಗೇ. ಸಣ್ಣವು ಹತ್ತಿರ, ದೊಡ್ಡವು ದೂರ. ಸೋಮವಾರ ಸೋಮವಾರ ಬಂದು, ಒಂದೊಂದರ ಪಕ್ಕ ಕುಕ್ಕುರಗಾಲಲ್ಲಿ ಕೂತು ಫೋಟೊ ತೆಗೆದಿದ್ದಳು. ಒಡ್ಡಿನ ಮೇಲೆ ನಿಂತು ಎಲ್ಲವನ್ನೂ ಒಟ್ಟಿಗೆ ನೋಡಿರಲಿಲ್ಲ.

ಹಕ್ಕಿಗಳು ಹೀಗೆ ಸಾಲು ಹಿಡಿದು ಬೀಜ ಹಾಕುವುದಿಲ್ಲ. ಹಕ್ಕಿಗಳಿಗೆ ವರ್ಷ ವರ್ಷ ಭುಜ ಸೋಲುವುದಿಲ್ಲ.

ಮೊದಲ ವರ್ಷ ಅತ್ತೆ ಅಷ್ಟು ದೂರ ಎಸೆಯುತ್ತಿದ್ದಳು. ಹೋದ ವರ್ಷ ಇಷ್ಟು. ಈ ವರ್ಷ ಕಾಲ ಬುಡಕ್ಕೆ. ಮನೆಯಲ್ಲಿ ದಿನಾ ಕಣ್ಣೆದುರು ಇರುವ ಮುದುಕಿಗೆ ವಯಸ್ಸಾದದ್ದು ಉಮಾದೇವಿಗೆ ಗೊತ್ತಾಗಿರಲಿಲ್ಲ. ಅದು ನೆಲದಲ್ಲಿ ಮೊಳೆತು ನಿಂತಿತ್ತು.

ಅದರ ಹಿಂದೆಯೇ ಇನ್ನೊಂದು ಮಾತೂ ಬಂತು. ಅವಳು ಒಡ್ಡಿನ ಮೇಲೆ ನಿಂತಲ್ಲೇ ತಿರುಗಿ ಆಚೆ ನೋಡಿದಳು. ಗೌಸನ ಬೇವಿನ ಕೆಳಗೆ ಚರಗ ಎಸೆಯುವವರು ಯಾರು?

ಊಟಕ್ಕೆ ಕೂತಾಗ ಭಜ್ಜಿ ಬಾಯಿಗೆ ರುಚಿಸಲಿಲ್ಲ. ಕಲ್ಲಿನಾಥನನ್ನು ಕೊಂಪೆಯ ಹಿಂದೆ ಕರೆದು ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿಯುತ್ತಲೇ ಕೇಳಿದ.

“ಖರೆ. ಆದ್ರ ಈಗ ಇದನ್ನ ಯಾರು ಕೇಳ್ಯಾರ?”

“ಯಾರೂ ಕೇಳಿಲ್ಲ.”

“ಮತ್ತ? ಹಕ್ಕಿ ಬಂದು ಸಾಕ್ಷಿ ಹೇಳ್ತಾವೇನು? ಸಭಾ ಮುಗೀಲಿ. ನಿನ್ನ ಎರಡು ವರ್ಷದ ಕೆಲಸ ಅದು. ಒಂದು ಮಾತಿಗೆ ನೀರಾಗ ಹಾಕ್ತೀ ಏನು?”

“ಗೌಸಭಾಯಿ?”

ಕಲ್ಲಿನಾಥ ಮುರಿಯುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ರೊಟ್ಟಿ ನೋಡಿದ. “ಅವಾ ಬರೂತನಕ ಭಜ್ಜಿಗೆ ರುಚಿ ಇಲ್ಲ ಬಿಡು,” ಎಂದ.

ಸಂಜೆ ಬುಟ್ಟಿ ಹೊತ್ತು ಮನೆಗೆ ಬರುವಾಗ ಉಮಾದೇವಿ ಅತ್ತೆಯ ಪಕ್ಕಕ್ಕೆ ಬಂದಳು.

“ಅತ್ತೀ, ನಿಮ್ಮ ಭುಜಾ ಬಾಳ ನೋಯ್ತದೇನು?”

“ನಿನಗ ಈಗ ಗೊತ್ತಾತೇನು? ಹಕ್ಕಿ ಜಗಳಾ ಎಲ್ಲಾ ಗೊತ್ತಿರ್ತದ ನಿನಗ.” ಮುದುಕಿ ನಡೆಯುತ್ತಲೇ ಇದ್ದಳು. “ನೋಯ್ತದ. ನೋಯ್ತದಂತ ಚರಗ ಬಿಡಾಕ ಆಗ್ತದ?”

“ಚರಗದ ಬೀಜ ಮೊಳೆತಾವ ಅತ್ತೀ. ಆ ಜಾಗಾದಾಗ ಇರೂ ಬಾರಿ ಎಲ್ಲಾ ನಿಮ್ಮ ಕೈದು. ತಾನಾಗೇ ಬಂದಾವಂತ ನಾ ಎಲ್ಲಾರಿಗೂ ಹೇಳೀನಿ.”

ಜಿಜಾಬಾಯಿ ಇದನ್ನು ಒಂದಿಷ್ಟು ದೂರ ನಡೆಯುತ್ತ ಯೋಚಿಸಿದಳು. “ತಾನಾಗೇ ಅಂದ್ರ ಏನವ್ವಾ? ಹಕ್ಕಿ ತಂದ್ರ ತಾನಾಗೇ, ನಾ ಒಗದ್ರ ಅಲ್ಲೇನು? ನಾ ಬಿತ್ತಿಲ್ಲ. ಉಣ್ಣಾಕ ಹಾಕೀನಿ. ಹಕ್ಕಿ ಉಳಿಸಿದ್ದು ಭೂಮಿ ತಗೊಂಡದ.”

ಉಮಾದೇವಿಯ ಮನಸ್ಸು ಸಿಕ್ಕಿಬಿದ್ದದ್ದೂ ಅಲ್ಲೇ. ಬಿತ್ತುತ್ತೀರಾ ಎಂದು ಮೆಹರೀನ್ ಕೇಳಿದಾಗ ಇಲ್ಲವೆಂದದ್ದು ಸುಳ್ಳಲ್ಲ. ಬಿತ್ತುವುದೆಂದರೆ ಕೂರಿಗೆ, ಹದ, ಲೆಕ್ಕ. ಚರಗ ಎಂದರೆ ಕೈ ಬಿಟ್ಟದ್ದು, ಮತ್ತೆ ತಿರುಗಿ ನೋಡದ್ದು. ಆದರೂ ಗೌಸನ ಮೇಲೆ ಪಂಪು ಹೊರಿಸಿದ್ದು ಯಾವ ಹಕ್ಕಿಯೂ ಅಲ್ಲ.

ಮರುದಿನ ಅವಳು ಹುಮನಾಬಾದಿನ ಬಸ್ಸು ಹತ್ತಿದಳು. ಫೋನಿನಲ್ಲಿ ಹೇಳಬಹುದಿತ್ತು. ಪಂಪಿನ ಮಾತು ಫೋನಿನಲ್ಲಿ ಹೇಳಿಯೇ ಹೀಗಾದದ್ದು.

ಬಳೆ ಅಂಗಡಿಯಲ್ಲಿ ಆಯೆಷಾ ಯಾರದೋ ಕೈಗೆ ಬಳೆ ಏರಿಸುತ್ತಿದ್ದಳು. “ಬರ್ರಿ ಉಮಕ್ಕಾ, ನಿಮ್ಮ ಬುಲ್‌ಬುಲ್ ಆರಾಮ ಅವ ಇಲ್ಲೋ? ರಾಜಿ ಆದ್ವು ಇಲ್ಲೋ?” ಎಂದು ನಕ್ಕು, ಒಳಗೆ ಮಗಳನ್ನು ಕೂಗಿ, ಚಹಾ ತರಿಸಿದಳು. ಉಮಾದೇವಿ ಚಹಾ ಮುಟ್ಟದೆ ಮೊದಲಿನಿಂದ ಕೊನೆವರೆಗೆ ಹೇಳಿ ಮುಗಿಸಿದಳು. ಒಡ್ಡಿನ ಮೇಲಿನಿಂದ ತೆಗೆದ ಫೋಟೊ ತೋರಿಸಿದಳು.

ಮೆಹರೀನ್ ಫೋಟೊವನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡಿದಳು.

“ಎಳ್ಳಮಾವಾಸಿ ಭಜ್ಜಿ ತಿಂದೇ ಬೆಳದೀನಿ ನಾನು, ಅಕ್ಕಾ. ಕೇಳೂದು ನನಗೂ ಹೊಳೀಲಿಲ್ಲ.” ಆಮೇಲೆ ಬೆರಳಿಟ್ಟು ತೋರಿಸಿದಳು. “ಆದ್ರ ಇದು ನೋಡ್ರಿ. ಈ ಪೇರಲ. ಎಲ್ಲಾದ್ರಿಂದ ಅಷ್ಟು ದೂರ ಒಂದೇ ನಿಂತದ. ಅಜ್ಜಿ ಕೈ ಅಲ್ಲಿಗಿ ಮುಟ್ಟೂದಿಲ್ಲ. ಇದೊಂದರ ಬಾವಲಿ ತಂದಿರಬೇಕು. ಇದನ್ನ ನೋಡಿ ನಾ ಎಷ್ಟು ಖುಷಿ ಪಟ್ಟಿದ್ದೆ.”

ಉತ್ತರ ಬಂದದ್ದು ಬಳೆಗಳ ನಡುವಿನಿಂದ.

“ನೀನೇ ಒಗದಿದ್ದಿಲ್ಲ?” ಎಂದಳು ಆಯೆಷಾ, ಕೈಯ ಕೆಲಸ ಬಿಡದೆ. “ಮೊದಲನೇ ವರ್ಷ ಎಳ್ಳಮಾವಾಸಿಗೆ ಇವರ ಹೊಲಕ್ಕ ಹೋಗಿ ಬಂದು ನನ್ನ ಮುಂದ ಹೇಳಿದ್ದಿ. ಅಜ್ಜಿ ನನ್ನ ಕೈಗೂ ಒಂದು ಮುಷ್ಟಿ ಚರಗ ಕೊಟ್ರು ಅಮ್ಮೀ, ನಾ ಎಲ್ಲಾರಕಿಂತ ದೂರ ಒಗದೆ ಅಂತ.”

ಮೆಹರೀನ್ ತನ್ನ ಬಲಗೈಯನ್ನು ನೋಡಿಕೊಂಡಳು. ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸಿಗೆ ಏನೂ ತಿಳಿಯದಿದ್ದರೂ ನಗು ಬಂತು. ಅದರಿಂದ ಆಯೆಷಾಗೆ, ಆಯೆಷಾಳಿಂದ ಉಮಾದೇವಿಗೆ. ಕೊನೆಗೆ ಮೆಹರೀನ್ ಕೂಡ ಹಣೆ ಹಿಡಿದುಕೊಂಡು ನಕ್ಕಳು, ಅಳುವವರ ಹಾಗೆ.

ನಗು ನಿಂತ ಮೇಲೆ ಉಮಾದೇವಿ ಉಳಿದದ್ದನ್ನು ಹೇಳಿದಳು. “ಪಂಪಿನ ಮಾತೂ ತಪ್ಪು. ಅವರು ಅಲ್ಲಿ ಹೊಡದಿದ್ದು ನಾ ನೋಡಿಲ್ಲ. ಪಂಪ್ ನೋಡೀನಿ, ಉಳಿದದ್ದು ನಾನೇ ಹೇಳೀನಿ.”

“ಹ್ಞೂಂ,” ಎಂದಳು ಮೆಹರೀನ್. ಈಗ ಅವಳ ದನಿ ಬೇರೆಯಾಗಿತ್ತು, ಕೆಲಸದ ದನಿ. “ಅಕ್ಕಾ, ನಿಮ್ಮ ಜಾಗಾ ಹೊರಗ ಹೋಗ್ತದ. ಯಾವುದು ಕೈ, ಯಾವುದು ಹಕ್ಕಿ ಅಂತ ಬಿಡಿಸಾಕ ಬರೂದಿಲ್ಲ. ಎರಡು ವರ್ಷದ್ದೂ ಹೋಗ್ತದ.”

“ಗೊತ್ತದ.”

ಗೊತ್ತಿತ್ತು, ಆದರೂ ಆ ಹುಡುಗಿಯ ಬಾಯಿಂದ ಕೇಳುವುದು ಬೇರೆ. ಬಿಸಿಲಲ್ಲಿ ಕೂತ ಅಷ್ಟು ಸೋಮವಾರಗಳು. ಎಮ್ಮೆಯ ಮುಂದಿನ ಭಾಷಣ. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

“ಚಾಚಾಂದು ಉಳೀತದ,” ಎಂದಳು ಮೆಹರೀನ್ ನಿಧಾನವಾಗಿ, ತನಗೇ ಹೇಳಿಕೊಂಡಂತೆ. “ಯಾರ ಕೈನೂ ಬೀಳದ ಜಾಗಾ ಅಂದ್ರ ಅದೊಂದೇ ಈಗ.”

ಗೌಸ ಮನೆಯ ಮುಂದೆ ಆಡಿಗೆ ಮೇಯಲು ತೊಪ್ಪಲು ಕಟ್ಟುತ್ತಿದ್ದ. ಉಮಾದೇವಿಯನ್ನು ಕಂಡು ತೊಪ್ಪಲಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

“ಬುಖಾರ ಇಳೀತೇನು, ಗೌಸಭಾಯಿ?”

“ಏರಾಕತ್ತದ.”

ಅವಳು ನಿಂತೇ ಎಲ್ಲ ಹೇಳಿದಳು: ಚರಗ, ಅರ್ಧ ಬಳೆ, ಮೆಹರೀನಳ ಪೇರಲ. ಗೌಸ ಪೇರಲದ ಹತ್ತಿರ ಬಂದಾಗ ನಗು ತಡೆಯಲು ಮೀಸೆ ಉಜ್ಜಿಕೊಂಡ. “ಪಂಪಿನ ಮಾತು ನಾನೇ ಹೇಳಿದ್ದು,” ಎಂದಳು ಕೊನೆಗೆ.

“ಅದು ಅವತ್ತೇ ಗೊತ್ತಾತು. ತೊಗರಿ ಹೂವ ಅಷ್ಟು ಹೊತ್ತು ಯಾರೂ ನೋಡೂದಿಲ್ಲ, ವೈನಿ.” ಸ್ವಲ್ಪ ಹೊತ್ತು ಆಡಿನ ಕಿವಿ ನೇವರಿಸಿದ. “ಇಷ್ಟು ವರ್ಷ ಒಡ್ಡಿಗೆ ಒಡ್ಡು ಕೂಡಿಸಿ ಇದ್ದೀವಿ. ನನ್ನ ಕೇಳಿದ್ರ ಹೇಳ್ತಿದ್ದಿಲ್ಲೇನು?”

“ಹೇಳ್ತಿದ್ರಿ. ಕೇಳೂದು ಬಿಟ್ಟು ಹೇಳಿಬಿಟ್ಟೆ.”

“ಇಲ್ಲಿ ಬಂದು ಹೇಳಿದ್ದು ಸಾಲೂದಿಲ್ಲ ನನಗ. ಹುಮನಾಬಾದಿನಾಗ ಹೇಳ್ರಿ. ನಾ ಮುಂದಿನ ಕುರ್ಚ್ಯಾಗ ಕುಂದರ್ತೀನಿ.”

“ಆತು.”

“ಮತ್ತ ನನ್ನ ಜಾಗಾ?”

“ಮೆಹರೀನ್ ಅಂದ್ಳು, ಅದೊಂದೇ ಖರೆ ಉಳದದ ಅಂತ. ಇನ್ನೂ ಎರಡು ಮಳಿಗಾಲ ಬಿಡ್ತೀರೇನು ಅಂತ ಕೇಳ್ಯಾಳ.”

ಗೌಸ ಎದ್ದು ನಿಂತ. ಬುಖಾರ ಇಳಿದಿತ್ತು. “ಸುಗ್ರಾ,” ಎಂದು ಒಳಗೆ ಕೂಗಿದ, ಮುಡಬಿಯ ರಸ್ತೆಗೆ ಕೇಳುವ ಹಾಗೆ, “ಕೇಳಿದಿ? ನನ್ನ ಕಾಂಗ್ರೆಸ್ ಕಸಕ್ಕ ಕಿಮ್ಮತ್ ಬಂದದ.”

“ಮತ್ತ ನನ್ನ ಮೆಣಸಿನ ಗಿಡ?” ಎಂದಿತು ಒಳಗಿನ ದನಿ.

“ಮರತುಬಿಡು.”

ಸಭೆಯಲ್ಲಿ ಉಮಾದೇವಿ ಎಮ್ಮೆಗೆ ಒಪ್ಪಿಸಿದ ಭಾಷಣ ಮಾಡಲಿಲ್ಲ. ನಮ್ಮ ಹೊಲದಲ್ಲಿ ಹಕ್ಕಿ ನೆಟ್ಟದ್ದೆಂದು ನಿಮಗೆಲ್ಲ ಹೇಳಿದ್ದು ಬಹುಪಾಲು ನಮ್ಮತ್ತೆ ನೆಟ್ಟದ್ದು, ಗೌಸಭಾಯಿ ಕೊಟ್ಟ ಮಾತು ತಪ್ಪಿಲ್ಲ, ತಪ್ಪಿದವರೆಂದು ನಾನು ಹೇಳಿದ್ದು ಸುಳ್ಳು ಎಂದಳು. ಮುಂದಿನ ಕುರ್ಚಿಯಲ್ಲಿ ಗೌಸ ಹೊಸ ರುಮಾಲು ಕಟ್ಟಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಿಂದೆ ಯಾರೋ ಎದ್ದು, “ಹಂಗಾದ್ರ ಹಣ್ಣಿನ ಗಿಡ ಬೇಕಾದ್ರ ಹಕ್ಕಿ ದಾರಿ ಕಾಯೂದ್ ಬಿಟ್ಟು ನಿಮ್ಮತ್ತೀನ ಕರೀಬೇಕೇನ್ರಿ?” ಎಂದು ಕೇಳಿದ. ಸಭೆ ನಕ್ಕಿತು. ಮೆಹರೀನ್ ಎದ್ದು ನಿಂತು ತನ್ನ ಪೇರಲದ ಕಥೆ ಹೇಳಿದ ಮೇಲೆ ಇನ್ನೂ ನಕ್ಕಿತು. ಉಮಾದೇವಿ ನಗುತ್ತ ಕೂತಳಾದರೂ ಬಸ್ಸಿನಲ್ಲಿ ಬರುವಾಗ ಹಳೆಯ ಸೋಮವಾರಗಳ ಫೋಟೊಗಳನ್ನು ಒಂದೊಂದಾಗಿ ತೆಗೆದು ನೋಡಿದಳು.

ಸೋಮವಾರಗಳು ನಿಲ್ಲಲಿಲ್ಲ. ಈಗ ಅವಳು ಒಡ್ಡು ದಾಟಿ ಗೌಸನ ಬೇವಿನ ಕೆಳಗೆ ಕೂರುತ್ತಾಳೆ. ಅಲ್ಲಿ ಬಹಳ ದಿನ ಏನೂ ಆಗುವುದಿಲ್ಲ. “ಇವತ್ತೂ ಏನಿಲ್ಲ ಮೆಹರೀನ್. ಬುಲ್‌ಬುಲ್ ಬಂದಿದ್ವು, ಏನೂ ಕೊಡಲಿಲ್ಲ, ಹೋದ್ವು,” ಎಂದು ಫೋನಿಗೆ ಹೇಳುತ್ತಾಳೆ. ಏನಿಲ್ಲ ಎಂಬುದನ್ನೂ ಕಳಿಸಬೇಕು ಎಂದು ಮೆಹರೀನ್ ಹೇಳಿದ್ದಾಳೆ. ಹಿಂದಿನ ಎರಡು ವರ್ಷ ಎಲ್ಲವೂ ಎಷ್ಟು ಬೇಗ ಬೇಗ ಆಗಿತ್ತು ಎಂದು ನೆನೆದರೆ ಈಗ ಅವಳಿಗೆ ಮುಜುಗರ. ಮರವೊಂದು ತಾನಾಗಿ ಬರುವುದು ಇಷ್ಟು ನಿಧಾನ ಎಂದು ಅವಳಿಗೆ ಯಾವ ವಿಡಿಯೊವೂ ಹೇಳಿರಲಿಲ್ಲ. ಶ್ರಾವಣದ ಮಳೆ ಹಿಡಿದಾಗ ಒಂದು ದಿನ, ಕಸದ ಸಂದಿಯಲ್ಲಿ, ಕಿರುಬೆರಳಿನಷ್ಟು ಕವಳಿಯ, ಎಂದರೆ ಮುಳ್ಳಿರುವ ಕಾಡುಹಣ್ಣಿನ, ಸಸಿ ಕಂಡಿತು. ಎರಡೂ ಹೊಲದಲ್ಲಿ ಕವಳಿ ಇಲ್ಲ, ಯಾರ ಚರಗದಲ್ಲೂ ಇಲ್ಲ. ಅದು ಇರುವುದು ದೂರದ ಗುಡ್ಡದ ಕುರುಚಲಲ್ಲಿ. ಗೌಸ ಮುಳ್ಳಿಗೆ ಬೆರಳು ತಾಗಿಸಿ ನೋಡಿ, “ನನ್ನದೇ. ಚುಚ್ಚತದ,” ಎಂದ.

ಮತ್ತೆ ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗುವ ಕಾಲುದಾರಿ ಗೌಸನ ಬೇವಿನ ಪಕ್ಕದಲ್ಲೇ ಹಾಯುತ್ತದೆ. ಅಲ್ಲಿಗೆ ಬಂದಾಗ ಜಿಜಾಬಾಯಿ ನಿಂತು, ಚರಗದ ಬುಟ್ಟಿಯ ಮೇಲೆ ಸೆರಗು ಎಳೆದು, ಎರಡೂ ಕೈಯಲ್ಲಿ ಅದನ್ನು ಹೊಟ್ಟೆಗೆ ಅವುಚಿಕೊಂಡು, ಕಳ್ಳ ಮಾಲು ಸಾಗಿಸುವವರ ಹಾಗೆ ದಾಟಿದಳು.

“ಆಯಿ, ಒಂದು ಬಾರಿಹಣ್ಣು ಬಿತ್ತು ನೋಡ್ರಿ,” ಎಂದ ಗೌಸ ಒಡ್ಡಿನ ಮೇಲಿನಿಂದ. ಭಜ್ಜಿಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ.

“ಬಿದ್ದಿದ್ರ ನೀನೇ ಹೆಕ್ಕಿ ತಿನ್ನು. ನಾ ತಿರುಗೂದಿಲ್ಲ.”

ಪೂಜೆಯಾಯಿತು. ಪಾಂಡವರ ಮುಂದಿನ ಹಣ್ಣು ಬುಟ್ಟಿಗೆ ಬಿತ್ತು. ಜಿಜಾಬಾಯಿ ಮೊದಲ ಮುಷ್ಟಿ ಕಾಲ ಬುಡಕ್ಕೆ ಚೆಲ್ಲಿ, ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು, ಅವಳ ಕೈಯಲ್ಲಿದ್ದ ಚೊಂಬನ್ನು ತಾನು ತೆಗೆದುಕೊಂಡಳು.

ಉಮಾದೇವಿ ಕೈ ಹಿಂದಕ್ಕೆ ಒಯ್ದು ಬೀಸಿ ಎಸೆದಳು. ಅದು ಗೇಣುದ್ದದವುಗಳನ್ನು ದಾಟಿತು, ಸೊಂಟದೆತ್ತರಕ್ಕೆ ಬೆಳೆದವುಗಳನ್ನು ದಾಟಿತು, ಮೆಹರೀನಳ ಪೇರಲದ ಎಲೆಗೆ ಬಡಿದು ಅದರಾಚೆ ಬಿತ್ತು. ಅಲ್ಲಿಂದ ಒಡ್ಡು ಬಹಳ ದೂರವಿರಲಿಲ್ಲ.

“ವೈನಿ, ಜೋರ ಬ್ಯಾಡ್ರಿ,” ಎಂದು ಗೌಸ ಎದ್ದು ನಿಂತ. “ಒಡ್ಡು ದಾಟಿ ನನ್ನ ಕಡೆ ಒಂದು ಬೀಜ ಬಂದ್ರೂ ಹುಮನಾಬಾದಿನಾಗ ಮತ್ತೊಂದು ಸಭಾ ಕೂಡಿಸ್ತೀನಿ.”

ಉಮಾದೇವಿ ಇನ್ನೊಂದು ಮುಷ್ಟಿ ತೆಗೆದುಕೊಂಡಳು. ಒಡ್ಡನ್ನೊಮ್ಮೆ, ಅದರಾಚೆಯ ಕಸವನ್ನೊಮ್ಮೆ ನೋಡಿ ಕೈಯನ್ನು ಸ್ವಲ್ಪ ತಗ್ಗಿಸಿದಳು. ಹಿಂದೆ ಚೊಂಬಿನ ನೀರು ಚಿಮುಕಿತು.

“ಹಾಂ,” ಎಂದಳು ಜಿಜಾಬಾಯಿ. “ಅಷ್ಟು ಸಾಕು.”